ಗಾಳಿಯ ಅಳತೆ

ಗಾಳಿ ಅಳೆಯುವ ಯಂತ್ರದಲ್ಲಿ ಅಂಕಿ ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿ ಹಿಂದಕ್ಕೆ ಬಂತು. ಬೋಲ್ಟಕ್ಕ ಅದರಿಂದ ಕಣ್ಣು ಕೀಳಲಿಲ್ಲ. ಅಂಕಿ ಮತ್ತೆ ಏರಿತು. ಈ ಸಲ ನಲವತ್ತಮೂರು.

ಸಂಜೆ ನಾಲ್ಕೂವರೆಯ ಬಿಸಿಲು ಉದ್ಯಾನದ ಹುಲ್ಲಿನ ಮೇಲೆ ಇನ್ನೂ ಚುರುಗುಡುತ್ತಿತ್ತು. ಊರಿನ ಬೇಸಿಗೆ ಸಂಗೀತೋತ್ಸವದ ಐದನೆಯ ಭಾನುವಾರ, ಕೊನೆಯದು. ಆರುನೂರು ಕುರ್ಚಿ ತುಂಬಿ, ಮಿಕ್ಕವರು ಬೇಲಿಯುದ್ದಕ್ಕೂ ನಿಂತಿದ್ದರು. ವೇದಿಕೆಯ ಮೇಲೆ ಎಪ್ಪತ್ತೆರಡರ ಗಾಯಕಿ ಕಣ್ಣು ಮುಚ್ಚಿ ಹಾಡುತ್ತಿದ್ದರು. ಇದೇ ಊರಲ್ಲಿ ಹುಟ್ಟಿ ದೇಶವೆಲ್ಲ ಹಾಡಿ ಬಂದವರು, "ಇವತ್ತಿಗೆ ಮುಗಿಸ್ತೀನಿ, ಇನ್ನು ಹಾಡಲ್ಲ" ಎಂದು ಹೇಳಿಯೇ ಮೈಕಿನ ಮುಂದೆ ಕೂತಿದ್ದರು. ಅವರ ತಲೆಯ ಮೇಲಿದ್ದದ್ದು ಎರಡು ಟನ್ ತೂಕದ ಸೂರು: ಕಬ್ಬಿಣದ ಚೌಕಟ್ಟು, ಸಾಲು ದೀಪ, ಟಾರ್ಪಾಲು. ಅದನ್ನು ಕಟ್ಟಿದವಳು ಬೋಲ್ಟಕ್ಕ. ಇಪ್ಪತ್ತು ವರ್ಷ ವೇದಿಕೆ ಕಟ್ಟಿ ಕಟ್ಟಿ ಅವಳ ಹೆಸರೇ ಹಾಗಾಗಿಹೋಗಿತ್ತು. ನಿಜವಾದ ಹೆಸರು ಮನೆಯವರಿಗೂ ಅರ್ಜಿ ತುಂಬುವಾಗ ಮಾತ್ರ ನೆನಪಾಗುತ್ತಿತ್ತು.

ವೇದಿಕೆಯ ಪಕ್ಕದಲ್ಲಿ ನಿಂತು ಹಾಡಿಗೆ ತಲೆದೂಗುತ್ತಿದ್ದ ಉತ್ಸವದ ಕಾರ್ಯದರ್ಶಿಯ ತೋಳು ಹಿಡಿದು ಎಳೆದಳು. ಅವನು ಅವಳ ಒಡಹುಟ್ಟಿದ ಅಣ್ಣ.

"ಅಣ್ಣ, ನಿಲ್ಲಿಸು. ಗಾಳಿ ನಲವತ್ತಮೂರಕ್ಕೆ ಹೋಗಿದೆ. ಎಲ್ಲರನ್ನೂ ಎಬ್ಬಿಸು."

"ತಲೆ ಕೆಟ್ಟಿದೆಯಾ ನಿಂಗೆ? ಇನ್ನು ಎರಡೇ ಚರಣ. ಐದು ನಿಮಿಷ."

"ನಲವತ್ತು ದಾಟಿದ್ರೆ ಎಲ್ಲರನ್ನೂ ಎಬ್ಬಿಸಬೇಕು ಅಂತ ನಿಯಮ ಬರೆದವಳು ನಾನು. ಕೆಳಗೆ ರುಜು ಹಾಕಿದವನು ನೀನು."

"ಹಾಕಿದೆ, ಇಲ್ಲ ಅಂದ್ನಾ? ಮೂರು ಜಾಸ್ತಿ ಆದ್ರೆ ಆಕಾಶ ಕಳಚಿ ಬೀಳುತ್ತಾ?"

"ಆಕಾಶ ಬೀಳಲ್ಲ. ನಾನು ಕಟ್ಟಿರೋದು ಬೀಳಬಹುದು."

ಅಷ್ಟರಲ್ಲಿ ಇನ್ನೊಂದು ಬೀಸು ಬಂತು. ಟಾರ್ಪಾಲು ಪಟಪಟನೆ ಬಡಿದುಕೊಂಡಿತು. ದೀಪದ ಸಾಲು ತೊಟ್ಟಿಲಿನ ಹಾಗೆ ತೂಗಿತು. ಮೂಲೆಯ ಕಂಬ ಹಲ್ಲು ಕಡಿದಂಥ ಸದ್ದು ಮಾಡಿತು. ಯಂತ್ರ ನಲವತ್ತೊಂಬತ್ತು ತೋರಿಸಿತು. ಹಾಡಿನ ಗುಂಗಿನಲ್ಲಿದ್ದ ಜನಕ್ಕೆ ಯಾವುದೂ ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ಹಾರುತ್ತಿದ್ದ ಮಗುವಿನ ಟೋಪಿಯನ್ನು ಹಿಡಿದು ನಕ್ಕಳು.

ಬೋಲ್ಟಕ್ಕ ವೇದಿಕೆಯ ಹಿಂದಿನ ಸ್ವಿಚ್ ಬೋರ್ಡಿನ ಕಡೆ ಓಡಿದಳು. ಅಣ್ಣ ಹಿಂದೆಯೇ ಓಡಿ ಬಂದ. "ಅದನ್ನ ಮುಟ್ಟಿದ್ಯೋ, ಇವತ್ತಿಗೆ ನಂಗೂ ನಿಂಗೂ ಋಣ ಹರೀತು!" ಎಂದ. ಅವಳ ಕೈ ಒಂದು ಕ್ಷಣ ತಡೆಯಿತು. ಅಪ್ಪ ಹೋದಮೇಲೆ ಅವಳನ್ನು ಓದಿಸಿದವನು, ಈ ಕೆಲಸಕ್ಕೆ ಹಚ್ಚಿದವನು, ಊರೆಲ್ಲ ನಕ್ಕಾಗ "ನನ್ನ ತಂಗಿ ಕಟ್ಟಿದ್ದು ಅಲ್ಲಾಡಲ್ಲ" ಎಂದು ಎದೆ ತಟ್ಟಿ ಹೇಳಿದವನು ಅವನೇ. ಅವಳು ದೊಡ್ಡ ಸ್ವಿಚ್ಚನ್ನು ಕೆಳಗೆಳೆದಳು.

ಹಾಡು ಪದದ ನಡುವೆಯೇ ತುಂಡಾಯಿತು. ಮೈಕಿಲ್ಲದೆ ಗಾಯಕಿಯ ದನಿ ಅಡುಗೆಮನೆಯಲ್ಲಿ ಗುನುಗುವ ಹೆಂಗಸಿನ ದನಿಯಷ್ಟು ಸಣ್ಣದಾಗಿ ಅರ್ಧ ಸಾಲು ಮುಂದುವರಿದು, ನಿಂತಿತು. "ಎಲ್ಲರೂ ಶಾಲೆಯ ಗೋಡೆ ಹತ್ತಿರ ಹೋಗಿ! ಓಡಬೇಡಿ, ನಡೀರಿ!" ಬೋಲ್ಟಕ್ಕ ಗಂಟಲು ಹರಿಯುವಂತೆ ಕೂಗಿದಳು. ಜನ ಎದ್ದರು, ಬೈದುಕೊಂಡೇ ನಡೆದರು. "ಒಂದು ಹನಿ ಮಳೆ ಇಲ್ಲ, ಇವಳದೇನು ರಂಪ?" ಎಂದರೊಬ್ಬರು. ಅವಳು ಮೆಟ್ಟಿಲು ಹತ್ತಿ ಗಾಯಕಿಯ ಕೈ ಹಿಡಿದಳು.

"ಇದೊಂದು ಮುಗಿಸಿಬಿಡ್ಲಾ?" ಎಂದು ಅವರು ಮಗುವಿನಂತೆ ಕೇಳಿದರು.

"ಬೇಡಮ್ಮ. ಇಳೀರಿ."

ಶಾಲೆಯ ಗೋಡೆಗೆ ಬೆನ್ನು ಕೊಟ್ಟು ಇಡೀ ಊರು ಆ ಸೂರನ್ನೇ ನೋಡುತ್ತ ನಿಂತಿತು. ಗಾಳಿ ಕುರ್ಚಿಗಳನ್ನು ಉರುಳಿಸಿತು, ಹಾಡಿನ ಹಾಳೆಗಳನ್ನು ಕೆರೆಯ ತನಕ ಅಟ್ಟಿಸಿಕೊಂಡು ಹೋಯಿತು. ಸೂರು ತೂಗುತ್ತಿತ್ತು, ನರಳುತ್ತಿತ್ತು, ಬೀಳುತ್ತಿರಲಿಲ್ಲ. ಬೋಲ್ಟಕ್ಕನ ತುಟಿ ಅಲುಗುತ್ತಿತ್ತು. ತಾನು ಏನು ಹೇಳಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಆಮೇಲೆ ಅರಿವಾಯಿತು. 'ಬೀಳು. ಬೀಳು. ಬಿದ್ದುಬಿಡು.'

ಪಕ್ಕದಲ್ಲಿದ್ದ ಗಾಯಕಿ ಮೆಲ್ಲಗೆ ಕೇಳಿದರು. "ಬೀಳಲಿ ಅಂತ ಬೇಡ್ಕೋತಿದ್ದೀಯಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂ."

"ನಾನೂ," ಎಂದರು ಅವರು. "ಅರ್ಧಕ್ಕೆ ಎಬ್ಬಿಸಿದ್ದೀಯ. ಬಿದ್ದರಾದ್ರೂ ನಂಗೊಂದು ಸಮಾಧಾನ."

ಕಾಲು ಗಂಟೆಯಲ್ಲಿ ಗಾಳಿ ಬಂದ ಹಾಗೆಯೇ ಹೋಯಿತು. ಸೂರು ನೆಟ್ಟಗೆ ನಿಂತಿತ್ತು. ಜನ ಕುರ್ಚಿಗಳ ಕಡೆ ಹೊರಟರು. ಬೋಲ್ಟಕ್ಕ ಕೈಯಗಲಿಸಿ ಅಡ್ಡ ನಿಂತಳು. ಪ್ರತಿಯೊಂದು ಜೋಡಣೆ ನೋಡುವ ತನಕ ಯಾರೂ ಅದರ ಕೆಳಗೆ ಹೋಗುವ ಹಾಗಿಲ್ಲ ಎಂದಳು. ಎಷ್ಟು ಹೊತ್ತು? ಎರಡು ಗಂಟೆ. ಅಷ್ಟು ಕೇಳಿದ್ದೇ ತಡ, ಗೊಣಗುತ್ತ ಜನ ಕರಗಿದರು. ಗಾಯಕಿಯನ್ನೂ ಯಾರೋ ಕಾರು ಹತ್ತಿಸಿದರು. ಅವರು ಕಿಟಕಿಯ ಗಾಜು ಇಳಿಸಲಿಲ್ಲ.

ಅವಳು ಸೊಂಟಕ್ಕೆ ಹಗ್ಗ ಬಿಗಿದು ಮೇಲೇರಿದಳು. ಸ್ಪ್ಯಾನರ್ ಹಾಕಿ ಒಂದೊಂದೇ ಬೋಲ್ಟನ್ನು ತಿರುಗಿಸಿ ನೋಡಿದಳು. ಮೊದಲನೆಯ ಮೂಲೆ, ಎರಡನೆಯದು, ನರಳಿದ ಆ ಮೂರನೆಯದು, ಕಡೆಯದು. ಕೆಳಗೆ ಉರುಳಿದ ಕುರ್ಚಿಗಳ ನಡುವೆ ಅಣ್ಣ ಒಬ್ಬನೇ ಕತ್ತು ಮೇಲೆ ಮಾಡಿ ನಿಂತಿದ್ದ. ಸಿಟ್ಟು ಇಳಿದಿರಬೇಕು. ನಾಳೆ ಊರಿಗೆ ಹೇಳಲು ಒಂದು ಮಾತು ಸಿಕ್ಕರೆ ಸಾಕು ಎನ್ನುವಂತೆ ಆಸೆಯಿಂದ ಕೂಗಿದ:

"ಏನಾದ್ರೂ ಸಡಿಲ ಆಗಿದೆಯೇನೇ? ಒಂದಾದ್ರೂ?"

"ಇಲ್ಲ ಅಣ್ಣ," ಎಂದಳು ಬೋಲ್ಟಕ್ಕ. "ಎಲ್ಲಾ ಗಟ್ಟಿಯಾಗಿದೆ." ಆ ದನಿ ತಪ್ಪೊಪ್ಪಿಕೊಳ್ಳುವವಳ ದನಿಯಂತಿತ್ತು.