ಬಿಲ್ಲೆಯ ಬೆನ್ನು

ಥಳಥಳ ಹೊಳೆಯುವ ಹಿತ್ತಾಳೆ ಬಿಲ್ಲೆಯನ್ನು ಮೊಮ್ಮಗಳ ಅಂಗೈಯಲ್ಲಿಟ್ಟು ತಾತ, "ಬ್ರಿಟಿಷರ ದಂಡಿನಲ್ಲಿದ್ದಾಗ ನನ್ನ ಟೋಪಿಗಿದ್ದದ್ದು. ಅಸಲಿ ಅಂತ ಒಂದು ಚೀಟಿ ಬರ್ಕೊಡು. ನಾಳೆ ಹಳೇ ಸಿಪಾಯಿಗಳ ಸಂಘದಲ್ಲಿ ಪ್ರದರ್ಶನಕ್ಕೆ ಇಡ್ಬೇಕು" ಎಂದರು.

ಮೊಮ್ಮಗಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಳೆಯ ಪದಕ, ಬಿಲ್ಲೆಗಳ ಅಂಗಡಿ ಸೇರಿ, ಅವುಗಳ ಕಾಲ ಹೇಳುವ ವಿದ್ಯೆ ಕಲಿಯತೊಡಗಿ ಆರೇ ತಿಂಗಳು. ಆಗಲೇ ಸ್ವಂತಕ್ಕೊಬ್ಬ ಗಿರಾಕಿ! ತಾತನ ಬೆನ್ನ ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಜ್ಜಿ "ಬೇಡ, ಬೇಡ" ಎಂದು ಸೌಟು ಆಡಿಸುತ್ತಿದ್ದದ್ದು ಅವಳಿಗೆ ಕಂಡರೂ ತಲೆಗೆ ಹೋಗಲಿಲ್ಲ.

ಬಿಲ್ಲೆಯ ಮುಖ ಸವೆದು ಬೋಳಾಗಿತ್ತು. ಕಿರೀಟವಿದ್ದ ಕಡೆ ಕರಗಿದ ಬೆಲ್ಲದಂಥ ಒಂದು ಗುಬುಟು, ಅಷ್ಟೇ. ಐವತ್ತು ವರ್ಷ, ವಾರ ತಪ್ಪದೆ ಅಜ್ಜಿ ಅದನ್ನು ನಿಂಬೆಹೋಳಿನಲ್ಲಿ ಉಜ್ಜಿದ್ದಳು. "ಗಂಡನ ಮೇಲೆ ಪ್ರೀತಿ ಅಂದ್ರೆ ಇದಪ್ಪಾ!" ಎಂದು ನೆರೆಹೊರೆಯೆಲ್ಲ ಹೊಗಳುತ್ತಿತ್ತು. ಆದರೆ ತಗಡನ್ನು ಅಚ್ಚಿಗೆ ಒತ್ತಿ ಮಾಡಿದ ಬಿಲ್ಲೆಯಲ್ಲಿ ಮುಂದಿನ ಉಬ್ಬೆಲ್ಲ ಹಿಂದೆ ಗುಳಿಯಾಗಿ ಉಳಿದಿರುತ್ತದೆ. ಬೆನ್ನನ್ನು ಯಾರು ಉಜ್ಜುತ್ತಾರೆ? ಮೊಮ್ಮಗಳು ಅದನ್ನು ಮಗುಚಿ ಭೂತಗನ್ನಡಿ ಹಿಡಿದಳು.

"ಅಯ್ಯೋ ತಾತ! ನಡು ತಗ್ಗಿರೋ ಕಿರೀಟ! ಇದು ರಾಣಿ ಪಟ್ಟಕ್ಕೆ ಬಂದ ಮೇಲಿಂದು. ರಾಜನ ಕಾಲದ್ದು ಗುಂಡಗಿರುತ್ತೆ. ನೀನು ದಂಡು ಬಿಟ್ಟಾಗ ಇನ್ನೂ ರಾಜನೇ..."

ಸೌಟು ಠಣ್ಣನೆ ಕೆಳಗೆ ಬಿತ್ತು. ಮೊಮ್ಮಗಳು ಬಾಯಿ ಮುಚ್ಚಿಕೊಂಡಳು, ಆದರೆ ಮಾತು ಆಗಲೇ ಹೊಸಿಲು ದಾಟಿತ್ತು.

"ತಪ್ಪಾಯ್ತು ರೀ," ಎಂದಳು ಅಜ್ಜಿ. "ಮದುವೆಯಾದ ಮೂರನೇ ತಿಂಗಳೇ ನಿಮ್ಮದು ನನ್ನ ಕೈಜಾರಿ ಬಾವಿಗೆ ಬಿತ್ತು. ಗಿಳಿಯೊಳಗೆ ಪ್ರಾಣ ಇಟ್ಟ ರಾಕ್ಷಸನ ಹಾಗೆ, 'ನನ್ನ ಪ್ರಾಣವೇ ಇದರಲ್ಲಿದೆ' ಅಂತ ನೀವು ಬೇರೆ ಅಂದಿದ್ರಿ! ಗುಜರಿ ಅಂಗಡೀಲಿ ಇದು ಸಿಕ್ತು. ಕಿರೀಟ ಮಾತ್ರ ಬೇರೆ ಥರ. ಅದು ಅಳಿಸಿಹೋಗ್ಲಿ ಅಂತ ಉಜ್ಜಿದೆ, ಉಜ್ಜಿದೆ..."

ತಾತ ನಕ್ಕ ರಭಸಕ್ಕೆ ಕನ್ನಡಕ ಮೂಗಿನಿಂದ ಜಾರಿತು. "ಇದನ್ನ ನಿನ್ನ ಬಾಯಿಂದ ಕೇಳೋಕೆ ಐವತ್ತು ವರ್ಷ ಕಾದೆ ಕಣೇ! ಕೊನೆಗೆ ಇವಳ ಭೂತಗನ್ನಡಿಯೇ ಬೇಕಾಯ್ತು." ಕನ್ನಡಕದ ಡಬ್ಬಿಯ ತಳದಿಂದ ಕಿಲುಬು ಹಿಡಿದು ಹಸಿರಾದ ಇನ್ನೊಂದು ಬಿಲ್ಲೆ ತೆಗೆದರು. ಕಿರೀಟ ಗುಂಡಗಿತ್ತು. "ಮರುವರ್ಷ ಬಾವಿಯ ಹೂಳು ತೆಗೆಸಿದಾಗ ಸಿಕ್ತು."

"ಆಗಲೇ ಹೇಳೋದಲ್ವಾ ರೀ!"

"ಹೇಳೋಕೆ ಅಂತಲೇ ಓಡಿ ಬಂದೆ. ನೀನು ನಾಲಿಗೆ ಕಚ್ಕೊಂಡು ಇದನ್ನ ಉಜ್ತಾ ಕೂತಿದ್ದೆ. ನೋಡ್ತಾ ನಿಂತ್ಬಿಟ್ಟೆ."

ಮೊಮ್ಮಗಳು ಹಸಿರು ಬಿಲ್ಲೆಯನ್ನು ಎರಡೇ ಬೆರಳಲ್ಲಿ ಎತ್ತಿದಳು. "ಇದನ್ನ ಯಾರೂ ಉಜ್ಜಬಾರದು, ತಿಳೀತಾ? ಇಂಥದ್ದರ ವಯಸ್ಸೆಲ್ಲ ಕಿಲುಬಲ್ಲೇ ಇರೋದು. ಸಂಘಕ್ಕೆ ಇದೇ ಹೋಗ್ಲಿ."

"ಅಂಥದ್ದು ಅಲ್ಲಿ ಎಲ್ಲರ ಹತ್ರಾನೂ ಇದೆ," ಎಂದರು ತಾತ. "ಚೀಟಿ ಬೋಳು ಬಿಲ್ಲೆಗೇ ಇರ್ಲಿ. ಅಸಲಿ ಅಂತ ದಪ್ಪಕ್ಷರದಲ್ಲಿ ಬರಿ."

ಅವಳು ಹಸಿರು ಬಿಲ್ಲೆಯನ್ನು ಮೇಜಿನ ಮೇಲಿಟ್ಟು, ಬರೆದು ತಲೆಯೆತ್ತಿದಾಗ ಅದು ಅಲ್ಲಿರಲಿಲ್ಲ. ಅಡುಗೆಮನೆಯಿಂದ ಕರಕರ ಸದ್ದು.

"ಅಜ್ಜೀ, ಬೇಡ!"

ಅಜ್ಜಿ ನಿಂಬೆಹೋಳು ಹಿಡಿದೇ ಬಾಗಿಲಿಗೆ ಬಂದಳು. "ಶೀ, ಎಷ್ಟು ಕಿಲುಬು ರೀ ನಿಮ್ಮ ಪ್ರಾಣಕ್ಕೆ!"