ಕುದುರೆ ಕೊಲ್ಲುವುದಿಲ್ಲ

ಉಯಂಗಾ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ದೂಡಿದಳು. ಎದುರಿಗೆ ಕೂತಿದ್ದ ಗೊಂಬೊ ದೊಡ್ಡಪ್ಪ ಹಲ್ಲುಬಿಟ್ಟು ನಕ್ಕ.

"ಏನೇ ಇದು, ಗುಡಾರದಲ್ಲಿ ಆಡೋ ಹಂಗೆ ಶುರು ಮಾಡ್ದೆ! ಆ ದಪ್ಪ ದಪ್ಪ ಚದುರಂಗದ ಪುಸ್ತಕ ಓದಿದ್ದು ಇಷ್ಟಕ್ಕೇನಾ?"

"ಕೊನೆಗೆ ಕೈ ಹಿಡಿಯೋದು ನೀವು ಹೇಳಿಕೊಟ್ಟಿದ್ದೇ, ದೊಡ್ಡಪ್ಪ."

ಮುದುಕ ಉಬ್ಬಿಹೋದ. ತನ್ನ ರಾಣಿಯ ಕಾಲಾಳನ್ನೂ ತಂದು ಎದುರುಬದುರು ನಿಲ್ಲಿಸಿದ. ಮಂಗೋಲರ ಹಳೆಯ ಚದುರಂಗ ಶುರುವಾಗುವುದೇ ಹೀಗೆ. ಆದರೆ ಇದು ಜಿಲ್ಲಾ ಪಂದ್ಯದ ಕೊನೆಯ ಆಟ. ನಿಯಮ ಲೋಕವೆಲ್ಲ ಆಡುವಂಥದ್ದು. ಗೆದ್ದವರೊಬ್ಬರೇ ಆಡಲು ರಾಜಧಾನಿ ಉಲಾನ್‌ಬಾತರಿಗೆ ಹೋಗುವುದು. ಪ್ರತಿ ವರ್ಷ ಹೋಗುತ್ತಿದ್ದವನು ಗೊಂಬೊ, ಸೋತು ಕುರಿಮಂದೆಗೆ ಮರಳುತ್ತಿದ್ದವಳು ಉಯಂಗಾ. ಈ ಸಲ ಸೋತು ಏಳುವುದಿಲ್ಲವೆಂದು ಹಟ ತೊಟ್ಟೇ ಕೂತಿದ್ದಳು.

ಮುದುಕ ಉಪ್ಪು ಚಹಾ ಹೀರುತ್ತ ಮನೆಯಲ್ಲೇ ಕೂತಂತೆ ಆಡಿದ. ಅವನ ರಾಜ ಮೂಲೆ ಸೇರಿದ. ಉಯಂಗಾಳ ಕುದುರೆ ಹತ್ತಿರ ಬಂದು ನಿಂತರೂ ಅವನಿಗೆ ಲೆಕ್ಕಕ್ಕಿಲ್ಲ. ಅವಳ ರಾಣಿ ರಾಜನ ಮುಂದಿನ ಕಾವಲಿಗೆ ಗುರಿಯಿಟ್ಟಾಗ ಮಾತ್ರ ಹುಬ್ಬು ಗಂಟಿಕ್ಕಿ, ಆನೆಯನ್ನು ತಂದು ರಾಜನ ಮಗ್ಗುಲಲ್ಲಿ ನಿಲ್ಲಿಸಿದ.

"ಈಗ ಯಾವ ಕಡೆಯಿಂದ ಬರ್ತೀಯೋ ಬಾ."

ಉಯಂಗಾಳ ಕೈ ಕುದುರೆಯ ಮೇಲೆ ಹೋಗಿ ತಡೆಯಿತು. ಚಿಕ್ಕವಳಿದ್ದಾಗ ಒಮ್ಮೆ ಕುದುರೆಯಿಂದಲೇ ರಾಜನನ್ನು ಕಟ್ಟಿಹಾಕಿ ಕುಣಿದಾಡಿದ್ದಳು. ಇದೇ ದೊಡ್ಡಪ್ಪ ಅದನ್ನು ಹಿಂದಕ್ಕಿಡಿಸಿ, "ನಮ್ಮ ಆಟದಲ್ಲಿ ಕುದುರೆ ದೊರೇನ ಕೊಲ್ಲಲ್ಲ ಕಣೇ" ಎಂದಿದ್ದ. ಅವತ್ತು ಅತ್ತಿದ್ದಳು. ಇವತ್ತಿನ ನಿಯಮಕ್ಕೆ ಅಂಥ ಮುಲಾಜಿಲ್ಲ. ಕುದುರೆಯನ್ನು ಎತ್ತಿ ಇಟ್ಟಳು.

"ಆಟ ಮುಗೀತು, ದೊಡ್ಡಪ್ಪ."

"ಕುದುರೇಲಾ?" ಎಂದು ನಗುತ್ತಲೇ ಗೊಂಬೊ ರಾಜನನ್ನು ಸರಿಸಲು ಹೋದ. ಮುಂದೆ ತನ್ನವೇ ಕಾಲಾಳುಗಳು, ಪಕ್ಕದಲ್ಲಿ ತಾನೇ ತಂದಿಟ್ಟ ಆನೆ. ಬೆರಳು ಅಲ್ಲೇ ನಿಂತಿತು.

"ಮೊದಲನೇ ನಡೆಯಲ್ಲೇ ಇದನ್ನ ಯೋಚ್ನೆ ಮಾಡಿದ್ಯಾ?"

"ಹೂಂ. ನೀವು ಗುಡಾರದ ಆಟದ ಗುಂಗಲ್ಲೇ ಇರ್ಲಿ ಅಂತ."

ಮುದುಕ ತನ್ನ ರಾಜನನ್ನು ಹಾಸಿನ ಮೇಲೆ ಮಲಗಿಸಿದ.

"ರಾಜಧಾನೀಲಿ ಇರೋರು ಯಾರೂ ಗುಡಾರದಲ್ಲಿ ಆಟ ಕಲಿತೋರಲ್ಲ. ಈ ಉಪಾಯ ಅಲ್ಲಿ ನಡೆಯಲ್ಲ. ಅಲ್ಲೇನ್ ಮಾಡ್ತೀಯ?"

ಉಯಂಗಾ ಎದ್ದು ಕೋಟಿನ ಗುಂಡಿ ಹಾಕಿಕೊಂಡಳು.

"ಅಲ್ಲಿ ಎದುರಿಗೆ ನೀವಿರಲ್ವಲ್ಲ, ದೊಡ್ಡಪ್ಪ. ಇನ್ನೇನು ಹೆದರಿಕೆ?"