ಯಾವುದು ಹಳತು?

"ಟೀಚರ್, ನೀವು ಹೇಳಿದ್ದೇ ಸರಿ. ದೊಡ್ಡ ನಂಬರ್ ಇರುವುದೇ ಹೊಸದು," ಎಂದಳು ಎಂಟನೆಯ ತರಗತಿಯ ಸುರಕ್ಷಾ, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು. ಕಂಪ್ಯೂಟರ್ ಟೀಚರ್ ವಾಸಂತಿಯ ಕೈಯಲ್ಲಿದ್ದ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತು.

ಪುತ್ತೂರಿನ ಸ್ಪರ್ಧೆಗೆ ಒಬ್ಬರನ್ನು ಆರಿಸಲು ನಿನ್ನೆ ಶಾಲೆಯಲ್ಲಿ ರಸಪ್ರಶ್ನೆ ಇತ್ತು. ಒಂದು ಬ್ರೌಸರಿನ ಆವೃತ್ತಿ ಹದಿನೆಂಟು, ಬೇರೆ ಕಂಪನಿಯದು ನೂರ ಮೂವತ್ತೆಂಟು. ಯಾವುದು ಹಳತು ಎಂದು ವಾಸಂತಿ ಕೇಳಿದ್ದಳು. ಚಿಕ್ಕ ನಂಬರಿನದು ಎಂಬುದೇ ಅವಳು ಬರೆದಿಟ್ಟುಕೊಂಡಿದ್ದ ಉತ್ತರ. "ಹೇಳ್ಲಿಕ್ಕೆ ಆಗುದಿಲ್ಲ ಟೀಚರ್. ಒಬ್ಬರು ತಿಂಗಳಿಗೊಮ್ಮೆ ನಂಬರ್ ಏರಿಸ್ತಾರೆ, ಇನ್ನೊಬ್ಬರು ವರ್ಷಕ್ಕೊಮ್ಮೆ. ಅವರವರ ಲೆಕ್ಕ ಅವರವರಿಗೆ," ಎಂದಿದ್ದಳು ಸುರಕ್ಷಾ. ಅದೇ ಸರಿಯೆಂದು ವಾಸಂತಿಗೆ ಆಗಲೇ ಹೊಳೆದಿತ್ತು. ಆದರೆ ಎದುರಿಗೆ ಹೆಡ್‌ಮಾಸ್ಟರಿದ್ದರು, ಪೋಷಕರಿದ್ದರು. "ತಪ್ಪು. ದೊಡ್ಡ ನಂಬರಿನದೇ ಹೊಸದು," ಎಂದುಬಿಟ್ಟಳು. ಮಕ್ಕಳು ಗೊಳ್ಳೆಂದು ನಕ್ಕರು, ಬೇರೊಬ್ಬಳು ಆಯ್ಕೆಯಾದಳು.

"ಈಗ ಹೀಗೆ ಹೇಳ್ಲಿಕ್ಕೆ ಎಂತಾಯ್ತು ನಿಂಗೆ?" ಎಂದು ಕೇಳಿದಳು ವಾಸಂತಿ.

"'ಟೀಚರಿಗಿಂತ ಜಾಸ್ತಿ ಗೊತ್ತುಂಟಾ ನಿಂಗೆ, ಹೋಗಿ ತಪ್ಪಾಯ್ತು ಹೇಳಿ ಬಾ' ಅಂದ್ರು ಅಪ್ಪ. ನಾನು ಬಾಯಿಪಾಠ ಮಾಡಿದ್ದೇನೆ ಟೀಚರ್. ಇನ್ನು ಮರೆಯುದಿಲ್ಲ."

ವಾಸಂತಿ ಲೋಟ ಕೆಳಗಿಟ್ಟಳು. ತಾನು ಮಾನ ಉಳಿಸಿಕೊಳ್ಳಲು ಆಡಿದ ಒಂದು ಮಾತಿಗಾಗಿ ಈ ಹುಡುಗಿ ಸರಿಯಾಗಿ ಕಲಿತದ್ದನ್ನೇ ಅಳಿಸಿಕೊಂಡು ಬಂದಿದ್ದಾಳೆ. ಅವಳು ಸುರಕ್ಷಾಳ ಕೈ ಹಿಡಿದು ಹೆಡ್‌ಮಾಸ್ಟರ ಕೋಣೆಗೆ ನಡೆದಳು.

"ಸರ್, ಪುತ್ತೂರಿಗೆ ಹೋಗಬೇಕಾದವಳು ಇವಳು. ಇವಳು ಹೇಳಿದ್ದೇ ಸರಿ ಅಂತ ನಂಗೆ ನಿನ್ನೆಯೇ ಗೊತ್ತಿತ್ತು."

ಸುರಕ್ಷಾ ತಲೆಯೆತ್ತಿ ಟೀಚರ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು.